ರಕೇರಾ ಟೀಚರಿಗೆ ಹೇಳಬೇಡಿ

ಒನೊಟೋವಾ ದ್ವೀಪದ ಉತ್ತರದ ತುದಿಯ ಊರಿನಲ್ಲಿ ಐದನೇ ತರಗತಿಗೆ ಪಾಠ ಹೇಳುತ್ತಿದ್ದ ರಕೇರಾಳಿಗೆ ಪ್ರಪಂಚದಲ್ಲಿ ಇಬ್ಬರ ಮೇಲೆ ಮಾತ್ರ ಗೌರವವಿತ್ತು. ಒಬ್ಬ ಅವಳ ಅಪ್ಪ ತೆಬೌವಾ. ಅವನು ಸತ್ತು ಹನ್ನೊಂದು ವರ್ಷವಾಗಿತ್ತು. ಇನ್ನೊಬ್ಬಳು ಅವಳೇ. ಉಳಿದವರಲ್ಲಿ ಕೆಲವರಿಗೆ ಏನೂ ಗೊತ್ತಿರಲಿಲ್ಲ, ಕೆಲವರಿಗೆ ತಮಗೆ ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ, ಇನ್ನು ಕೆಲವರು ರಾಜಧಾನಿ ತರಾವಾದಿಂದ ಬರುವ ಅಧಿಕಾರಿಗಳು.

ಅವಳು ಯಾರನ್ನೂ ಗಟ್ಟಿಯಾಗಿ ಬೈದವಳಲ್ಲ. ಎಡಗಡೆಯ ತುಟಿಯ ತುದಿಯನ್ನು ಒಂದಿಷ್ಟು ಮೇಲಕ್ಕೆತ್ತುತ್ತಿದ್ದಳು, ಅಷ್ಟೆ. ದೋಣಿ ಕಟ್ಟುವ ಗಟ್ಟಿ ಗಂಡಸರೂ ಆ ತುಟಿ ಕಂಡರೆ ಮಾತು ನುಂಗಿ ದಾರಿ ಬದಲಿಸುತ್ತಿದ್ದರು. ಪಾದ್ರಿಗಳು ಒಮ್ಮೆ ಪ್ರವಚನದ ನಡುವೆ ಅದನ್ನು ನೋಡಿ, ಎಲ್ಲಿದ್ದೇನೆಂದು ಮರೆತು, ಹೇಳಿದ್ದನ್ನೇ ಮತ್ತೊಮ್ಮೆ ಹೇಳಿದರು.

ಆ ವರ್ಷ ಹಡಗಿನಲ್ಲಿ ಹೊಸ ಪಠ್ಯಪುಸ್ತಕಗಳು ಬಂದವು. ಹೊಳಪಿನ ಕಾಗದ, ಬಣ್ಣದ ಚಿತ್ರ. ಭೂಮಿ ಮತ್ತು ನೈಸರ್ಗಿಕ ಸಂಪನ್ಮೂಲಗಳು ಎಂಬ ಪಾಠಕ್ಕೆ ಎರಡು ಪುಟದಗಲ ಒಂದು ಚಿತ್ರವಿತ್ತು: ಹಿಂದೆ ಹಿಮ ಹೊತ್ತ ಪರ್ವತ, ಅದರಿಂದ ಇಳಿದು ಬರುವ ನದಿ, ನದಿಗೆ ಅಡ್ಡಲಾಗಿ ಅಣೆಕಟ್ಟು, ಬದಿಯಲ್ಲಿ ಕಲ್ಲಿದ್ದಲ ಗಣಿ. ಮಕ್ಕಳು ಕೇದಗೆ ಚಾಪೆಯ ಮೇಲೆ ಕೂತು ಪುಸ್ತಕದೊಳಗೆ ಮೂಗು ತೂರಿಸಿ ಬಹಳ ಹೊತ್ತು ನೋಡಿದರು. ಆ ದ್ವೀಪದಲ್ಲಿ ಅತಿ ಎತ್ತರದ ಜಾಗವೆಂದರೆ ಚರ್ಚಿನ ಮೆಟ್ಟಿಲು.

"ಟೀಚರ್, ನದಿ ಅಂದ್ರೆ ನಮ್ಮ ಒಳಗಡಲಿನ ಥರವಾ?" ಎಂದು ದ್ವೀಪದ ಒಳಮಗ್ಗುಲ ನಿಂತ ಕಡಲನ್ನು ತೋರಿಸಿ ಕೇಳಿದಳು ತೀಬೌ. ತರಗತಿಯಲ್ಲಿ ಪ್ರಶ್ನೆ ಕೇಳುವ ಧೈರ್ಯವಿದ್ದವಳು ಅವಳೊಬ್ಬಳೇ.

"ಅಲ್ಲ. ಅದು ಹರೀತಾ ಹೋಗೋ ಸಿಹಿನೀರು."

"ಎಲ್ಲಿಗೆ ಹೋಗುತ್ತೆ?"

"ಸಮುದ್ರಕ್ಕೆ."

ತೀಬೌ ಚಿತ್ರದ ನದಿಯ ಮೇಲೆ ಬೆರಳಿಟ್ಟಳು. "ಕುಡಿಯೋ ನೀರನ್ನ ಸಮುದ್ರಕ್ಕೆ ಬಿಟ್ಬಿಡ್ತಾರಾ?"

"ಬಿಡ್ತಾರೆ. ಅಂಥವರೇ ಕೂತು ಈ ಪುಸ್ತಕ ಬರೆದಿರೋದು," ಎಂದಳು ರಕೇರಾ. "ಮುಚ್ಚಿಡಿ ಅದನ್ನ. ಮೀನು ಸುತ್ತೋಕೂ ಬರಲ್ಲ, ಕಾಗದ ಜಾರುತ್ತೆ."

ಅವಳ ಪಾಠ ಬೇರೆ ಥರದ್ದು. ಕಲ್ಲುಗಳ ಪಾಠಕ್ಕೆ ಅವಳು ಮಕ್ಕಳನ್ನು ಹೊರಗಡಲ ದಂಡೆಗೆ ಕರೆದುಕೊಂಡು ಹೋಗುತ್ತಿದ್ದಳು. ಇಲ್ಲಿ ಸ್ವಂತದ್ದೆಂದರೆ ಹವಳದ ಸುಣ್ಣಕಲ್ಲು ಒಂದೇ. ಉಳಿದದ್ದೆಲ್ಲ ಅತಿಥಿ. ಯಾವುದೋ ದೂರದ ಬೆಂಕಿಪರ್ವತ ಉಗುಳಿದ ತೂತುತೂತಿನ ಹಗುರ ಕಲ್ಲು ನೀರಿನ ಮೇಲೆ ತೇಲಿಕೊಂಡು ಬಂದು ದಡ ಸೇರುತ್ತಿತ್ತು. ತೇಲಿ ಬಂದ ದೊಡ್ಡ ಮರಗಳ ಬೇರಿನ ಸಂದಿಯಲ್ಲಿ ಒಮ್ಮೊಮ್ಮೆ ಕಪ್ಪು ಗಟ್ಟಿ ಕಲ್ಲು ಸಿಕ್ಕಿಕೊಂಡಿರುತ್ತಿತ್ತು. ಹಿಂದಿನ ಕಾಲದಲ್ಲಿ ಅಂಥ ಕಲ್ಲು ಸಿಕ್ಕವನು ಅದನ್ನು ಮೊಮ್ಮಕ್ಕಳವರೆಗೆ ಕಾಪಾಡುತ್ತಿದ್ದ. ನೀರಿನ ಪಾಠಕ್ಕೆ ಒಂದು ಗಾಜಿನ ಜಾಡಿ ಸಾಕಾಗಿತ್ತು. ಅರ್ಧ ಜಾಡಿ ಸಮುದ್ರದ ನೀರು. ಅದರ ಮೇಲೆ ಚಹಾಸೊಪ್ಪು ನೆನೆಸಿದ ಕೆಂಪು ಸಿಹಿನೀರನ್ನು ಎಲೆಯೊಂದರ ಮೇಲಿಂದ ಜಾರಿಸಿ ಮೆಲ್ಲಗೆ ಬಿಟ್ಟರೆ ಅದು ಬೆರೆಯದೆ ಮೇಲೆಯೇ ನಿಲ್ಲುತ್ತಿತ್ತು. "ಇದೇ ನಮ್ಮ ಊರು," ಎನ್ನುತ್ತಿದ್ದಳು. "ಮಳೆ ನೀರು ಮರಳೊಳಗೆ ಇಳಿದು ಉಪ್ಪುನೀರಿನ ಮೇಲೆ ತೇಲ್ತಾ ಇರುತ್ತೆ. ನಾವು ಅದರ ಮೇಲೆ ಕೂತಿದೀವಿ." ಆಮೇಲೆ ಟೊಳ್ಳಾದ ಪಪ್ಪಾಯಿ ಎಲೆದಂಟು ಕೊಟ್ಟು ಹೀರಿಸುತ್ತಿದ್ದಳು. ಮೇಲುಮೇಲಿಂದ ಮೆಲ್ಲಗೆ ಹೀರಿದವರಿಗೆ ಸಿಹಿ. ದಂಟನ್ನು ಆಳಕ್ಕೆ ತುರುಕಿ ಎಳೆದವರಿಗೆ ಉಪ್ಪು. ಒಬ್ಬಿಬ್ಬರು ಉಗುಳಿದ ಮೇಲೆ ಆ ಪಾಠ ಯಾರಿಗೂ ಮರೆಯುತ್ತಿರಲಿಲ್ಲ.

ಇದನ್ನು ಅವಳಿಗೆ ಕಲಿಸಿದವನು ತೆಬೌವಾ. ಊರ ನಡುವಿನ ಅಗಲವಾದ ಜಾಗದಲ್ಲಿ ಅವನದು ಬಬಾಯಿ ಗುಂಡಿ ಇತ್ತು. ಮರಳನ್ನು ನೀರು ಸಿಗುವತನಕ ತೋಡಿ, ಸೊಪ್ಪಿನ ಗೊಬ್ಬರದಲ್ಲಿ ಆಳೆತ್ತರದ ಕೆಸುವಿನ ಗಿಡಗಳನ್ನು ಬೆಳೆಸುವುದು ಅವನ ಕಸುಬು, ಅವನ ಗರ್ವ. ಉಬ್ಬರ ಬಂದಾಗ ಗುಂಡಿಯ ನೀರು ಎಷ್ಟು ಏರುತ್ತದೆ, ಮಳೆ ತಪ್ಪಿದ ಎಷ್ಟನೇ ತಿಂಗಳಿಗೆ ಎಲೆಯ ಅಂಚು ಹಳದಿಯಾಗುತ್ತದೆ, ಎಲ್ಲ ಅವನಿಗೆ ಬೆರಳ ತುದಿಯಲ್ಲಿತ್ತು. ನಿಜವಾಗಿಯೂ ಬೆರಳ ತುದಿಯಲ್ಲಿ: ಅದ್ದಿ ನೆಕ್ಕಿ ಹೇಳುತ್ತಿದ್ದ. ಬಾವಿಯ ಪಕ್ಕ ಹಂದಿ ಕಟ್ಟುವ ನೆರೆಯವರನ್ನು ಕಂಡರೆ ಅವನ ಎಡತುಟಿಯೂ ಮೇಲೇಳುತ್ತಿತ್ತು. ಮಗಳು ಬೆರಳು ಅದ್ದುವುದನ್ನೂ ತುಟಿ ಎತ್ತುವುದನ್ನೂ ಒಟ್ಟಿಗೇ ಕಲಿತಳು. ಎರಡೂ ಒಂದೇ ವಿದ್ಯೆಯೆಂದು ಅವಳು ಬಹಳ ವರ್ಷ ನಂಬಿದ್ದಳು.

ತರಾವಾದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ಪರೀಕ್ಷೆಯಲ್ಲಿ ಸಿಹಿನೀರಿನ ಮೂಲಗಳನ್ನು ಬರೆಯಿರಿ ಎಂದು ಕೇಳಿದ್ದರು. ಅವಳು ಮಳೆ, ಮರಳು, ತೇಲುವ ಪದರ ಎಂದು ಒಂದು ಪುಟ ಬರೆದಳು. ಸೊನ್ನೆ ಬಂತು. ಸರಿಯುತ್ತರ ನದಿ, ಸರೋವರ, ಹಿಮಗಡ್ಡೆ. ಉತ್ತರಪತ್ರಿಕೆ ಹಿಡಿದು ಉಪನ್ಯಾಸಕರ ಮುಂದೆ ನಿಂತು, "ಸರ್, ಇವತ್ತು ಬೆಳಗ್ಗೆ ನೀವು ಮುಖ ತೊಳೆದಿದ್ದು ಯಾವ ನದೀಲಿ?" ಎಂದು ಕೇಳಿದಳು. ಅವಳನ್ನು ಒಂದು ವಾರ ಹೊರಗಿಟ್ಟರು. ಅಲ್ಲಿಂದ ಮುಂದೆ ಕಲಿತವರ ಬಗ್ಗೆ ಅವಳ ಅಭಿಪ್ರಾಯ ಕದಲಲಿಲ್ಲ.

ಮದುವೆಯಾದದ್ದು ಬೌರೊ ಎಂಬ ಮೀನುಗಾರನನ್ನು. ಅವನಿಗೆ ಸಿಟ್ಟೇ ಬರುತ್ತಿರಲಿಲ್ಲ. ಅವಳ ತುಟಿ ಮೇಲೆದ್ದರೆ, "ಹಾಂ, ಗಾಳಿ ಎದ್ದಿತು, ಹಾಯಿ ಇಳಿಸ್ಬೇಕು," ಎಂದು ನಗುತ್ತಿದ್ದ. ಅವನ ಬಗ್ಗೆಯೂ ಅವಳಿಗೆ ದೊಡ್ಡ ಗೌರವವೇನೂ ಇರಲಿಲ್ಲ. ಆದರೆ ಅವನಿಲ್ಲದ ದಿನ ಅನ್ನ ಸೇರುತ್ತಿರಲಿಲ್ಲ.

ಬರಾನಿಕೊ ಬಂದದ್ದು ಮಾರ್ಚಿನಲ್ಲಿ, ವಿಮಾನದಲ್ಲಿ, ಮರಳಿನ ಮೇಲೆ ಬಿಳಿ ಬೂಟು ಹಾಕಿಕೊಂಡು. ಹುಟ್ಟಿದ್ದು ತರಾವಾದಲ್ಲೇ ಆದರೂ ಎಂಟು ವರ್ಷ ಹೊರದೇಶದಲ್ಲಿ ಓದಿ ಬಂದಿದ್ದ. ಊರಿಗೆ ಸೋಲಾರ್ ಪಂಪು, ಟ್ಯಾಂಕು, ನಾಲ್ಕು ನಲ್ಲಿ ಹಾಕಿಸಿಕೊಡುವುದು ಅವನ ಕೆಲಸ. ಅದರ ಜೊತೆಗೆ ಶಾಲೆಯಲ್ಲಿ ಸಂಪನ್ಮೂಲಗಳ ಬಗ್ಗೆ ಮಕ್ಕಳಿಗೆ ಅರಿವು ಮೂಡಿಸಬೇಕೆಂದು ಅವನ ಕಾಗದದಲ್ಲಿ ಬರೆದಿತ್ತಂತೆ. ರಕೇರಾ ಬಾಗಿಲಲ್ಲಿ ಒರಗಿ ನಿಂತು ಅರಿವು ಮೂಡುವುದನ್ನು ನೋಡಿದಳು.

ಅವನು ಗೋಡೆಗೆ ಒಂದು ಪಟ ತೂಗುಹಾಕಿದ. ಅದರಲ್ಲಿ ಮಣ್ಣು, ಅದರ ಕೆಳಗೆ ಬಂಡೆ, ಬಂಡೆಯ ಕೆಳಗೆ ಗಾಢ ನೀಲಿ ನೀರು.

"ಮಕ್ಕಳೇ, ಬಾವಿ ಬತ್ತಿದ್ರೆ ಏನ್ಮಾಡ್ಬೇಕು?" ಎಂದು ಕೇಳಿ ತಾನೇ ಉತ್ತರಿಸಿದ. "ಇನ್ನೂ ಆಳಕ್ಕೆ ಹೋಗ್ಬೇಕು. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ. ಹೌದಾ?"

ಮಕ್ಕಳು ಹುಬ್ಬೆತ್ತಲಿಲ್ಲ. ಇಲ್ಲಿ ಹೌದೆನ್ನುವವರು ಹುಬ್ಬೆತ್ತುತ್ತಾರೆ. ಮೂವತ್ತು ಜೋಡಿ ಹುಬ್ಬು ಇದ್ದಲ್ಲೇ ಇದ್ದವು.

"ಉಪ್ಪು ಬರುತ್ತೆ ಸರ್," ಎಂದಳು ತೀಬೌ.

"ಯಾಕೆ ಬರುತ್ತೆ ಪುಟ್ಟಿ?"

"ಕೆಳಗೆ ಸಮುದ್ರ ಇದೆ."

ಬರಾನಿಕೊ ನಕ್ಕ. ಕೆಟ್ಟ ನಗುವೇನಲ್ಲ, ಚಿಕ್ಕ ಮಕ್ಕಳು ತಪ್ಪು ಹೇಳಿದಾಗ ದೊಡ್ಡವರು ನಗುವ ಪ್ರೀತಿಯ ನಗು. "ಸಮುದ್ರ ಪಕ್ಕದಲ್ಲಿದೆ ಕಣಮ್ಮ, ಕೆಳಗಲ್ಲ."

"ಸರ್, ನೀವು ಓದಿದ ಊರಲ್ಲಿ ನೆಲ ಎಷ್ಟು ಅಗಲ ಇತ್ತು?" ಎಂದು ಬಾಗಿಲಿಂದ ಕೇಳಿದಳು ರಕೇರಾ.

"ಅಂದ್ರೆ? ಅದು ದೊಡ್ಡ ದೇಶ ಮೇಡಂ."

"ಇಲ್ಲಿ ಈ ದಡದಲ್ಲಿ ನಿಂತು ಉಗುಳಿದ್ರೆ ಆ ಕಡೆ ಸಮುದ್ರಕ್ಕೆ ಬೀಳುತ್ತೆ. ನೀವು ಕಲಿತಿದ್ದು ನಿಮ್ಮ ಪಟಕ್ಕೆ ಸರಿಯಾಗಿದೆ. ಪಟ ಸುತ್ಕೊಳ್ಳಿ, ಮಕ್ಕಳಿಗೆ ಊಟದ ಹೊತ್ತಾಯ್ತು."

ಮಕ್ಕಳು ಕಿಸಕ್ಕೆಂದರು. ಬರಾನಿಕೊನ ಕಿವಿ ಕೆಂಪಾಯಿತು. ಪಟ ಸುತ್ತುವಾಗ ಅವನು ಒಂದು ಮಾತು ಮಾತ್ರ ಹೇಳಿದ, ಅದೂ ಮೆಲ್ಲಗೆ: "ಮೇಡಂ, ನಿಮ್ಮತ್ರ ಏನಾದ್ರೂ ಮಾಹಿತಿ ಇದ್ರೆ ಕೊಡಿ, ನಾನು ನೋಡ್ತೀನಿ." ಅವಳ ಹತ್ತಿರ ಇತ್ತು. ಹನ್ನೊಂದು ವರ್ಷ ಅಪ್ಪನ ಬಾವಿಯ ನೀರಿನ ಮಟ್ಟವನ್ನೂ ರುಚಿಯನ್ನೂ ಬರೆದಿಟ್ಟ ಪುಸ್ತಕ ಅವಳ ಪೆಟ್ಟಿಗೆಯಲ್ಲಿತ್ತು. ಬಿಳಿ ಬೂಟಿನವನ ಕೈಗೆ ಅದನ್ನು ಕೊಡುವುದೆಂದರೆ ಅಪ್ಪನ ತಲೆಬುರುಡೆಯನ್ನು ಚೆಂಡಾಡಲು ಕೊಟ್ಟಂತೆ ಅನಿಸಿತು. "ನಿಮಗೆ ಓದೋಕೆ ಬರಲ್ಲ, ಬಿಡಿ," ಎಂದಳು.

ಎರಡು ದಿನದ ಮೇಲೆ ಮನೆಯಾಬಾದಲ್ಲಿ ಊರು ಸೇರಿತು. ನೆಲದವರೆಗೆ ಇಳಿದ ಮಾಡಿನ ಆ ದೊಡ್ಡ ಸಭಾಮಂಟಪದಲ್ಲಿ ಪ್ರತಿ ಮನೆತನಕ್ಕೂ ಒಂದು ಕಂಬ, ಒಂದು ಜಾಗ. ತೆಬೌವಾನ ಜಾಗದಲ್ಲಿ ರಕೇರಾ ಕೂತಿದ್ದಳು. ಪಕ್ಕದ ಚೀಲದಲ್ಲಿ ಗಾಜಿನ ಜಾಡಿ, ಬಾಟಲಿಯಲ್ಲಿ ಸಮುದ್ರದ ನೀರು, ಪಪ್ಪಾಯಿ ದಂಟು ಎಲ್ಲ ಇದ್ದವು. ಅವಳು ಸಿದ್ಧವಾಗಿಯೇ ಬಂದಿದ್ದಳು.

ಬರಾನಿಕೊ ಮಾತಾಡಿದ. ನಲ್ಲಿ ತಿರುಗಿಸಿದರೆ ನೀರು, ಬಕೆಟ್ಟು ಹೊರುವುದು ತಪ್ಪುತ್ತದೆ, ಕೊಳಕು ಬಾವಿಯ ರೋಗ ತಪ್ಪುತ್ತದೆ ಎಂದ. ಹೆಂಗಸರು ಚಪ್ಪಾಳೆ ತಟ್ಟಿದರು. ದಿನಕ್ಕೆ ಇಪ್ಪತ್ತು ಸಲ ಬಕೆಟ್ಟು ಎತ್ತುವ ತೋಳುಗಳ ಚಪ್ಪಾಳೆ ಅದು, ಸುಳ್ಳಲ್ಲ. ರಕೇರಾ ಆ ತೋಳುಗಳನ್ನು ನೋಡಲಿಲ್ಲ. ಪಟದ ಮುಂದೆ ಬಾಯಿ ತೆರೆದು ಕೂತ ಮುಖಗಳನ್ನು ಮಾತ್ರ ನೋಡಿದಳು. ಇವರಲ್ಲಿ ಅರ್ಧದಷ್ಟು ಜನ ಅವಳ ತರಗತಿಯಲ್ಲೇ ದಂಟು ಹೀರಿ ಉಗುಳಿದ್ದವರು. ನಲ್ಲಿಯ ಹೊಳಪು ಕಂಡ ಕೂಡಲೇ ಎಲ್ಲ ಮರೆತಿದ್ದರು.

ಹಿರಿಯನಾದ ನಕಿಬಾಯೆ ಅವಳ ಕಡೆ ತಿರುಗಿದ. ಎಪ್ಪತ್ತು ದಾಟಿದವನು, ಊರಿನ ಮಾತು ಅವನ ಬಾಯಿಂದಲೇ ಮುಗಿಯಬೇಕು. "ತೆಬೌವಾನ ಮಗಳೇ, ನಿಂಗೇನೋ ಹೇಳೋದಿದೆಯಂತೆ. ಹೇಳಮ್ಮ."

ಅವಳು ಚೀಲದ ಬಾಯಿಗೆ ಕೈ ಹಾಕಿದಳು. ಹಾಕಿ, ತೆಗೆದಳು. ಈ ಜನಕ್ಕೆ ಜಾಡಿ ತೋರಿಸಬೇಕೇ ಎಂದು ಅನಿಸಿತು.

"ಐದನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ ಅಂದ್ಮೇಲೆ ನಾನು ಹೇಳಿ ಏನು ಪ್ರಯೋಜನ ಅಜ್ಜ? ತೋಡಿ. ಆಳವಾಗೇ ತೋಡಿ. ಕುಡೀರಿ."

"ಹೇಳೋದಿದ್ರೆ ಹೇಳು," ಎಂದ ನಕಿಬಾಯೆ. "ಉಗುಳೋದಿದ್ರೆ ಹೊರಗೆ ಹೋಗಿ ಉಗುಳು. ಇದು ನಿಮ್ಮಪ್ಪನೂ ಕೂತ ಜಾಗ."

ಅವಳು ಚೀಲ ಎತ್ತಿಕೊಂಡು ಹೊರಗೆ ಹೋದಳು. ಉಗುಳಲಿಲ್ಲ, ಆದರೆ ಉಗುಳಿದಂತೆಯೇ ಎಲ್ಲರಿಗೂ ಕಂಡಿತು. ಊರು ಒಪ್ಪಿಗೆ ಕೊಟ್ಟಿತು.

ಬಾವಿಯನ್ನು ಮಾಮೂಲಿಗಿಂತ ಎರಡಾಳು ಹೆಚ್ಚು ಆಳಕ್ಕೆ ತೋಡಿದರು. ಪಂಪು ಕೂತಿತು, ಕಬ್ಬಿಣದ ಕಾಲಿನ ಮೇಲೆ ಹಸಿರು ಟ್ಯಾಂಕು ಎದ್ದಿತು. ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ಬರಾನಿಕೊ ಊರಲ್ಲಿ ಎಲ್ಲರಿಗಿಂತ ನಂಬಿಕಸ್ಥನನ್ನೇ ಹುಡುಕಿ ಆರಿಸಿದ. ಅವನೇ ಬೌರೊ. ನೀಲಿ ಅಂಗಿಯೊಂದನ್ನೂ ಕೊಟ್ಟರು.

"ಅಂಗಿ ಚೆನ್ನಾಗಿದೆ," ಎಂದಳು ರಕೇರಾ. "ಅದರೊಳಗೆ ಇರೋರು ಯಾರು ಅಂತ ಕೇಳ್ಬೇಕು ಅಷ್ಟೆ."

"ನಾನೇ ಕಣೇ. ನೀರು ಬಿಡೋನು." ಬೌರೊ ಗುಂಡಿ ಹಾಕಿಕೊಂಡ. "ಊರಿಗೆಲ್ಲ ಬಿಡ್ತೀನಿ. ನಿಂಗೂ ಬಿಡ್ತೀನಿ, ಬಂದು ಹಿಡ್ಕೊಂಡ್ರೆ."

"ನಾನು ಬರಲ್ಲ."

ಅವಳು ಹೋಗಲಿಲ್ಲ. ಅಪ್ಪನ ಜಾಗದ ಹಳೆಯ ಬಾವಿಯಿಂದಲೇ ದಿನಕ್ಕೆ ಎರಡು ಬಕೆಟ್ಟು ತಂದು ತನ್ನ ಅಡಿಗೆಗೆ, ತನ್ನ ಕುಡಿಯುವುದಕ್ಕೆ ಇಟ್ಟುಕೊಂಡಳು. ಬೌರೊ ನಲ್ಲಿಯ ನೀರನ್ನು ಬೇರೆ ಕೊಡದಲ್ಲಿ ತುಂಬಿ ಕುಡಿದ. ನೀರು ಬಿಡುವವನೇ ಆ ನೀರು ಕುಡಿಯದಿದ್ದರೆ ಊರವರು ಏನೆಂದುಕೊಂಡಾರು ಎಂಬುದು ಅವನ ಲೆಕ್ಕ. ಒಂದೇ ಮನೆಯಲ್ಲಿ ಎರಡು ಕೊಡ, ಎರಡು ಚಹಾ.

ಐದು ತಿಂಗಳು ನೀರು ಸಿಹಿಯಾಗಿಯೇ ಬಂತು. ಆ ವರ್ಷದ ಮೊದಲರ್ಧ ಮಳೆ ಚೆನ್ನಾಗಿತ್ತು. ಹೆಂಗಸರು ನಲ್ಲಿಯ ಕೆಳಗೆ ಮಕ್ಕಳನ್ನು ನಿಲ್ಲಿಸಿ ಮೀಯಿಸಿದರು, ಪಾತ್ರೆಗಳನ್ನು ತುಂಬಿ ತುಳುಕಿಸಿದರು. ರಕೇರಾ ಬಕೆಟ್ಟು ಹಿಡಿದು ಹೋಗುವಾಗ ಯಾರೋ, "ಟೀಚರಮ್ಮ, ಉಪ್ಪು ಸಾಲದು, ಸ್ವಲ್ಪ ಕಳಿಸಿಕೊಡಿ," ಎಂದು ಹಿಂದಿನಿಂದ ಕೂಗಿ ನಗುತ್ತಿದ್ದರು. ಅವಳ ತುಟಿ ಎತ್ತಿದಲ್ಲೇ ನಿಂತುಬಿಟ್ಟಿತ್ತು. ಮನೆಮನೆಯ ಹಳೆಯ ಬಾವಿಗಳನ್ನು ಯಾರೂ ನೋಡಲಿಲ್ಲ. ಒಂದಕ್ಕೆ ಕಸ ತುಂಬಿತು, ಇನ್ನೊಂದರಲ್ಲಿ ಹಂದಿ ಬಿದ್ದು ಸತ್ತಿತು.

ಜುಲೈ ಕೊನೆಗೇ ಮಳೆ ನಿಂತಿತ್ತು. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ದೀವಿಹಲಸಿನ ಕಾಯಿ ಹೆಬ್ಬೆರಳ ಗಾತ್ರಕ್ಕೇ ಉದುರಿತು. ಊರಲ್ಲಿ ನೀರಿನ ಮಾತು ಯಾರೂ ಎತ್ತಲಿಲ್ಲ. ಎತ್ತಲಿಲ್ಲವೆಂಬುದೇ ವಿಚಿತ್ರವೆಂದು ರಕೇರಾಳಿಗೆ ಹೊಳೆಯಲಿಲ್ಲ. ಜನ ಅವಳನ್ನು ಕಂಡು ದಾರಿ ಬದಲಿಸುವುದು ಹೊಸದೇನೂ ಆಗಿರಲಿಲ್ಲ.

ಅಕ್ಟೋಬರಿನ ಒಂದು ಬೆಳಗ್ಗೆ, ಭಾಗಾಕಾರದ ಲೆಕ್ಕ ಮಾಡಿಸುತ್ತಿದ್ದಾಗ, ತೀಬೌ ಎದ್ದು ಹೊರಗೋಡಿ ವಾಂತಿ ಮಾಡಿದಳು. ರಕೇರಾ ಬೆನ್ನು ನೀವಿ, ಅವಳ ಚೀಲದಿಂದ ನೀರಿನ ಬಾಟಲಿ ತೆಗೆದು ಬಾಯಿ ತೊಳೆಸಲು ಹೋದಳು. ಹುಡುಗಿ ಮುಖ ತಿರುಗಿಸಿದಳು. ಅವಳ ತುಟಿ ಒಡೆದಿತ್ತು. ರಕೇರಾ ಬಾಟಲಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ತೆಂಗಿನ ನೀರಾ ಕುದಿಸಿದ ಪಾಕ ಬೆರೆಸಿದ್ದರು. ಪಾಕದ ಹಿಂದೆ ಸಮುದ್ರವಿತ್ತು.

"ಎಷ್ಟು ದಿನದಿಂದ ಇದನ್ನ ಕುಡೀತಿದೀಯ?"

ತೀಬೌ ನೆಲ ನೋಡಿದಳು. ಒಳಗೆ ಉಳಿದ ಮಕ್ಕಳೂ ನೆಲ ನೋಡಿದರು.

"ಕೇಳ್ತಿರೋದು ನಾನು."

"ಅಮ್ಮ ಹೇಳ್ಬೇಡ ಅಂದಿದಾಳೆ."

"ಯಾರಿಗೆ ಹೇಳ್ಬೇಡ ಅಂತ?"

"ನಿಮಗೆ. ಎಲ್ಲರ ಮನೇಲೂ ಅಂದಿದಾರೆ. ರಕೇರಾ ಟೀಚರಿಗೆ ಹೇಳಬೇಡಿ ಅಂತ."

ಆಗ ಅವಳ ಎದೆಯಲ್ಲಿ ಮೊದಲು ಎದ್ದದ್ದು ಸಂತೋಷ. ಅದನ್ನು ಅವಳು ತನ್ನಿಂದ ಮುಚ್ಚಿಡಲಿಲ್ಲ. ಬೆಚ್ಚಗೆ, ಹೊಟ್ಟೆ ತುಂಬ ಉಂಡಂಥ ಸಂತೋಷ: ಮೂರ್ಖರು, ನಾನು ಹೇಳಿದಂತೆಯೇ ಆಯಿತು. ತೀಬೌ ಅವಳ ಲಂಗದ ಅಂಚು ಹಿಡಿದು ಎರಡನೇ ಸಲ ವಾಂತಿ ಮಾಡಿದಾಗ ಆ ಸಂತೋಷ ಅಲ್ಲೇ ಹುಳಿಯಿತು. ಹುಡುಗಿಯನ್ನು ಎತ್ತಿಕೊಂಡು ಹೋಗಿ ನರ್ಸಮ್ಮನ ಹತ್ತಿರ ಬಿಟ್ಟಳು. ಅಲ್ಲಿ ಆಗಲೇ ಐದು ಪುಟ್ಟ ಮಕ್ಕಳು ಭೇದಿಯಿಂದ ಮಲಗಿದ್ದವು. ನರ್ಸಮ್ಮನೂ ಅವಳ ಕಣ್ಣು ತಪ್ಪಿಸಿದಳು.

ಬೌರೊ ಟ್ಯಾಂಕಿನ ಬಳಿ ಸೋಲಾರ್ ಹಲಗೆ ಒರೆಸುತ್ತಿದ್ದ. ಅವಳು ನಲ್ಲಿ ತಿರುಗಿಸಿ, ನೆಕ್ಕಿ, ನಿಲ್ಲಿಸಿದಳು.

"ಯಾವಾಗಿಂದ?"

"ಮೂರು ವಾರ ಆಯ್ತು." ಬಟ್ಟೆ ಹಿಂಡಿದ. "ಮೊದಲು ಸೋಪು ನೊರೆ ಬರ್ಲಿಲ್ಲ. ಆಮೇಲೆ ಅನ್ನಕ್ಕೆ ಉಪ್ಪು ಹಾಕೋದು ಬಿಟ್ರು."

"ನೀನು ಇದನ್ನೇ ಕುಡೀತಿದ್ಯಾ?"

"ಹೂಂ."

"ಮನೇಲಿ ನನ್ನ ಕೊಡ ಇತ್ತಲ್ಲ. ಒಂದು ಮಾತು ಹೇಳೋಕೆ ಏನಾಗಿತ್ತು?"

ಬೌರೊ ನಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅವಳ ಪ್ರಶ್ನೆಗೆ ಅವನು ನಗದೆ ಉತ್ತರ ಕೊಟ್ಟದ್ದು ಅದೇ ಮೊದಲು. "ನಿನ್ನತ್ರ ಬಂದು ಹೇಳ್ಬೇಕಿತ್ತು, ನೀನು ಆ ತುಟಿ ಎತ್ತಬೇಕಿತ್ತು, ನಾನು ನಿಂತು ನೋಡಬೇಕಿತ್ತು. ಅದಕ್ಕಿಂತ ಉಪ್ಪುನೀರೇ ವಾಸಿ ಅನ್ನಿಸ್ತು. ಊರಲ್ಲಿ ಎಲ್ಲರಿಗೂ ಹಂಗೇ ಅನ್ನಿಸಿದೆ. ಸುಮ್ನೆ ಕುಡೀತಿದಾರೆ, ಮಳೆ ಬಂದ್ರೆ ಸರಿಹೋಗುತ್ತೆ ಅಂತ."

ಅವಳಿಗೆ ಒಂದು ಮಾತು ನಾಲಿಗೆಯವರೆಗೆ ಬಂತು. ಕತ್ತರಿಸುವಂಥ ಮಾತು. ಅದನ್ನು ಆಡಿದ್ದರೆ ಬೌರೊ ಅಂಗಿ ಬಿಚ್ಚಿ ಸಮುದ್ರಕ್ಕೆ ಎಸೆಯುತ್ತಿದ್ದನೇನೊ. ಆಡಲಿಲ್ಲ. "ಪಂಪು ಆಫ್ ಮಾಡು," ಎಂದಳು.

"ನಕಿಬಾಯಜ್ಜ ಹೇಳದೆ ಆಗಲ್ಲ."

ನಕಿಬಾಯೆ ತನ್ನ ಬಬಾಯಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಪಂಪಿನ ಬಾವಿಗೆ ಅದು ನಲವತ್ತು ಹೆಜ್ಜೆ. ಎಲೆಗಳ ಅಂಚು ಸುಟ್ಟ ಕಾಗದದಂತಾಗಿತ್ತು. ಮೊಮ್ಮಗನ ಮದುವೆಗೆಂದು ಒಂಬತ್ತು ವರ್ಷದಿಂದ ಬೆಳೆಸಿದ ಗಿಡವೂ ಅದರಲ್ಲಿತ್ತು.

"ನಗೋಕೆ ಬಂದ್ಯಾ?" ಎಂದ, ತಿರುಗದೆಯೇ.

"ಪಂಪು ನಿಲ್ಲಿಸಿ ಅಂತ ಹೇಳೋಕೆ ಬಂದೆ ಅಜ್ಜ."

"ಹೇಳೋಕೆ ನಿಂಗೆ ಬರುತ್ತಾ? ನಂಗೊತ್ತಿರ್ಲಿಲ್ಲ."

ಅವಳು ಬರುವ ದಾರಿಯಲ್ಲಿ ಶಾಲೆಗೆ ನುಗ್ಗಿ ಜಾಡಿ, ನೀರಿನ ಬಾಟಲಿಗಳು, ದಂಟು ತಂದಿದ್ದಳು. ಮರಳ ಮೇಲೆ ಕೂತು ಸಮುದ್ರದ ನೀರು ಸುರಿದಳು, ಎಲೆ ಇಟ್ಟು ಕೆಂಪು ನೀರು ಬಿಟ್ಟಳು, ದಂಟನ್ನು ಮುದುಕನ ಕೈಗೆ ಕೊಟ್ಟಳು. ಅವನು ಮೇಲಿಂದ ಒಂದು ಗುಟುಕು ಹೀರಿದ. ಆಮೇಲೆ ಅವಳು ಹೇಳದೆಯೇ ದಂಟನ್ನು ಕೆಳಗಿಳಿಸಿ ಎಳೆದ, ಉಗುಳಿದ, ಜಾಡಿಯೊಳಗೆ ಕೆಂಪು ಪದರ ಕಲಕಿ ಹೋದದ್ದನ್ನು ನೋಡುತ್ತ ಕೂತ.

"ಇದನ್ನ ಅವತ್ತೇ ಯಾಕೆ ತೋರಿಸ್ಲಿಲ್ಲ? ಚೀಲ ನಿನ್ನ ಪಕ್ಕದಲ್ಲೇ ಇತ್ತು. ನಾನು ನೋಡಿದ್ದೆ."

"ತೋರಿಸಿದ್ರೂ ತಿಳ್ಕೊಳ್ಳೋ ಮುಖ ಒಂದೂ ಕಾಣ್ಲಿಲ್ಲ."

"ನನ್ನ ಮೊಮ್ಮಗಳ ಕೂಸು ಎಂಟು ದಿನದಿಂದ ನರ್ಸಮ್ಮನ ಹತ್ರ ಮಲಗಿದೆ. ಅದರ ಮುಖ ಕಂಡಿತ್ತಾ?"

ರಕೇರಾ ಜಾಡಿಯ ನೀರನ್ನು ಚೆಲ್ಲಿದಳು. ಮುದುಕ ಏಳಲು ಕಷ್ಟಪಟ್ಟಾಗ ಕೈ ಕೊಟ್ಟಳು. ಅವನು ಹಿಡಿಯದೆ ನೆಲಕ್ಕೆ ಕೈಯೂರಿ ತಾನೇ ಎದ್ದ. "ಬೌರೊನಿಗೆ ನಿಲ್ಸು ಅನ್ನು. ಮುಂದೇನು ಮಾಡ್ಬೇಕು ಅಂತ ಸಂಜೆಯೊಳಗೆ ಬಂದು ಊರಿಗೆ ಹೇಳು. ಬಾಯಿಂದ ಹೇಳು, ತುಟಿಯಿಂದ ಬೇಡ."

ಅವಳು ಹೇಳಿದಳು. ಪೆಟ್ಟಿಗೆಯಿಂದ ಪುಸ್ತಕ ತೆಗೆದು ಹನ್ನೊಂದು ವರ್ಷದ ಮಟ್ಟಗಳನ್ನು ಓದಿ ಹೇಳಿದಳು. ದ್ವೀಪ ಎಲ್ಲಕ್ಕಿಂತ ಅಗಲವಾಗಿರುವ ಕಡೆ ಸಿಹಿನೀರಿನ ಪದರ ದಪ್ಪ; ಅದು ಅವಳ ಅಪ್ಪನ ಜಾಗ. ಅಲ್ಲಿ ಒಂದೇ ಸಾಲಿನಲ್ಲಿ, ಇಪ್ಪತ್ತು ಹೆಜ್ಜೆಗೊಂದರಂತೆ ಏಳು ಬಾವಿ, ನೀರು ಸಿಕ್ಕ ಮೇಲೆ ಒಂದು ಮೊಣಕಾಲು ಮಾತ್ರ ಆಳ. ಹಗ್ಗದ ಸಣ್ಣ ಬಕೆಟ್ಟು. ಒಂದು ಬಾವಿಯನ್ನೇ ಹಿಂಡುವಂತಿಲ್ಲ; ಬೆಳಗ್ಗೆ ಒಂದು, ಸಂಜೆ ಒಂದು, ಸರದಿ. ಹಂದಿಗಳು ಆ ಕಡೆ ತಲೆ ಹಾಕುವಂತಿಲ್ಲ. ಜನ ಕೇಳಿದರು. ಕೇಳುವಾಗ ಅವಳ ಮುಖ ನೋಡದೆ ಚಾಪೆ ನೋಡಿದರು. ಮಾರನೇ ದಿನ ಸಲಿಕೆ ಹಿಡಿದು ಬಂದು ತೋಡಿದರು, ಹವಳದ ಕಲ್ಲು ಕಟ್ಟಿದರು. ಒಬ್ಬರೂ ಅವಳಿಗೆ ಉಪಕಾರವೆನ್ನಲಿಲ್ಲ. ಅವಳೂ ನಿರೀಕ್ಷಿಸಲಿಲ್ಲ. ಹೊಳೆಯುವ ನಲ್ಲಿ ಸಿಕ್ಕಿತೆಂದು ಮನೆಯ ಬಾವಿಯನ್ನೇ ಹಾಳುಬಿಟ್ಟು ಕುಣಿದಾಡಿದವರು, ಇವರ ಉಪಕಾರ ಯಾರಿಗೆ ಬೇಕು ಎಂದುಕೊಂಡಳು. ಹೆಂಗಸರ ತೋಳುಗಳು ಮತ್ತೆ ಬಕೆಟ್ಟು ಎತ್ತತೊಡಗಿದವು, ಅದೂ ಮೊದಲಿಗಿಂತ ದೂರದಿಂದ. ಅದನ್ನು ಅವಳು ಈ ಸಲ ನೋಡಿದಳು.

ಮಕ್ಕಳು ಒಂದೊಂದಾಗಿ ಎದ್ದವು. ನಕಿಬಾಯೆಯ ಮನೆಯ ಕೂಸು ಮಾತ್ರ ಬಹಳ ದಿನ ಸೊರಗಿಯೇ ಇತ್ತು. ಅವನ ಗುಂಡಿಯ ಗಿಡಗಳು ಕೊಳೆತವು. ಮದುವೆಗೆ ಬೇರೆಯವರ ಗೆಡ್ಡೆ ಬೇಡಿ ತಂದ. ಅಂಥ ಅವಮಾನ ಆ ದ್ವೀಪದಲ್ಲಿ ಇನ್ನೊಂದಿಲ್ಲ. ಬದುಕಿರುವತನಕ ಅವನು ರಕೇರಾಳ ಜೊತೆ ಮತ್ತೆ ಒಂದು ಮಾತು ಆಡಲಿಲ್ಲ. ಅವಳಿಗೆ ಅವನ ಮೇಲೆ ಅಭಿಪ್ರಾಯ ಬದಲಾಯಿತೇ ಎಂದರೆ, ಪಟ ನೋಡಿ ಮರುಳಾದ ಮುದುಕ ಎಂದೇ ಕೊನೆಯವರೆಗೂ ಅಂದುಕೊಂಡಿದ್ದಳು. ಆದರೆ ಅವನು ಎದುರು ಬಂದರೆ ದಾರಿ ಬಿಡುವವಳು ಈಗ ಅವಳಾಗಿದ್ದಳು.

ಬರಾನಿಕೊನ ವರದಿ ಫೆಬ್ರವರಿಯಲ್ಲಿ ಬಂತು. ಸ್ಥಳೀಯರ ನಿರ್ವಹಣೆಯ ಕೊರತೆಯಿಂದ ಯೋಜನೆ ನಿರೀಕ್ಷಿತ ಫಲ ನೀಡಲಿಲ್ಲ ಎಂದಿತ್ತು. ಬೌರೊ ಅದನ್ನು ಎರಡು ಸಲ ಓದಿ, "ನಾನು ದಿನಾ ಒರೆಸ್ತಿದ್ದೆ," ಎಂದ. ರಕೇರಾ ಉತ್ತರ ಬರೆಯಲು ಕೂತಳು. ಮೊದಲ ಮೂರು ಕಾಗದ ಒಲೆಗೆ ಹೋದವು. ಅವುಗಳಲ್ಲಿದ್ದ ವಿಶೇಷಣಗಳಿಗೆ ಒಲೆಯೇ ಸರಿಯಾದ ಜಾಗ. ನಾಲ್ಕನೆಯದರಲ್ಲಿ ಮಟ್ಟಗಳು, ತಿಂಗಳುಗಳು, ಬಾವಿಯ ಆಳ, ಇಷ್ಟೇ ಇದ್ದವು. ಅದನ್ನು ಕಳಿಸಿದಳು. ಉತ್ತರ ಬರಲಿಲ್ಲ. ಬರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ, ಆದರೂ ಪ್ರತಿ ವಿಮಾನದ ದಿನ ಬೌರೊನನ್ನು ಕಳಿಸಿ ಕೇಳಿಸುತ್ತಿದ್ದಳು.

ಪಂಪಿನ ಬಾವಿ ಸರಿಯಾಗಲು ಎರಡು ಮಳೆಗಾಲ ಹಿಡಿಯಿತು. ಅದರ ನಡುವಿನ ಒಂದು ಮಧ್ಯಾಹ್ನ ತೀಬೌಳ ತಾಯಿ ಮರೇಟಾ ಶಾಲೆಯ ಹೊರಗೆ ಬಂದು ನಿಂತಳು. ಹತ್ತಿರ ಬರಲಿಲ್ಲ. ಸೆರಗಿನಂತೆ ಹೊದ್ದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಟೀಚರಮ್ಮ, ಒಂದು ಹೇಳ್ಬೇಕು. ಬೈಬಾರ್ದು."

"ಹೇಳು."

"ನಾಲ್ಕನೇ ಬಾವಿ ಹತ್ರ ಸೀಮೆಎಣ್ಣೆ ಚೆಲ್ತು. ಡಬ್ಬ ಅಲ್ಲಿಟ್ಟು ನೀರು ಸೇದ್ತಿದ್ದೆ. ಕಾಲು ತಾಗ್ತು."

ಬಾವಿಯ ಹತ್ತಿರ ಸೀಮೆಎಣ್ಣೆಯ ಡಬ್ಬ. ಮರಳು ಏನನ್ನೂ ತಡೆಯದೆ ಕೆಳಗೆ ಬಿಡುತ್ತದೆ ಎಂದು ಇದೇ ಮರೇಟಾಳಿಗೆ ಹದಿನೆಂಟು ವರ್ಷದ ಹಿಂದೆ ತಾನೇ ಹೇಳಿಕೊಟ್ಟಿದ್ದಳು. ರಕೇರಾಳ ತುಟಿಯ ಎಡತುದಿ ತಾನಾಗಿಯೇ ಎದ್ದಿತು. ಅದನ್ನು ತಡೆಯುವುದು ಅವಳ ಕೈಲಿರಲಿಲ್ಲ. ಮರೇಟಾ ಅದನ್ನು ನೋಡಿದಳು, ಮುಖ ಸಪ್ಪಗಾಯಿತು, ಆದರೆ ಓಡಿಹೋಗಲಿಲ್ಲ.

"ಎಷ್ಟು ಚೆಲ್ತು?"

"ಅರ್ಧ ಡಬ್ಬ."

"ಯಾವಾಗ?"

"ಈಗ್ಲೇ. ಸೀದಾ ಇಲ್ಲಿಗೇ ಬಂದೆ."

"ಒಳ್ಳೇದಾಯ್ತು," ಎಂದಳು ರಕೇರಾ. ಆ ಮಾತು ಆಡಿ ಅಭ್ಯಾಸವಿಲ್ಲದ್ದರಿಂದ ಅದು ಕೆಮ್ಮಿನಂತೆ ಹೊರಬಂತು. "ಸಲಿಕೆ ತಗೋ. ಎರಡು ತಗೋ."

ಇಬ್ಬರೂ ನಾಲ್ಕನೇ ಬಾವಿಯ ಪಕ್ಕದಲ್ಲಿ ಮೊಣಕಾಲೂರಿ, ಎಣ್ಣೆ ಕುಡಿದ ಮರಳನ್ನು ವಾಸನೆ ನೋಡುತ್ತ ತೋಡಿ ತೋಡಿ ಚೀಲಕ್ಕೆ ತುಂಬಿದರು. ಬಿಸಿಲು ಇಳಿಯುವವರೆಗೂ ತೋಡಿದರು. ತೋಡುವಾಗ ರಕೇರಾ ಹಲ್ಲು ಕಚ್ಚಿಕೊಂಡು ಏನೇನೋ ಗೊಣಗುತ್ತಿದ್ದಳು. ಮರೇಟಾ ಕೇಳಿಸಲಿಲ್ಲವೆಂಬಂತೆ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಿದ್ದಳು.